ಹಿತ್ತಲಿನಲ್ಲಿ ಹಸಿ ಬಟಾಣಿ: ಮೊದಲ ಸಲ ಬೆಳೆಯುವವರಿಗೆ ಒಂದು ಪಾಠ



ನಮ್ಮ ಕುಣಿಗಲ್ ಸೀಮೆಯ ಒಕ್ಕಲು ಮನೆಗಳಿಗೆ ಕಾಳಿನ ಬೆಳೆ ಹೊಸದಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಅಲಸಂದೆಗಳನ್ನು ಹಾಕುವುದು ತಲೆತಲಾಂತರದಿಂದ ಬಂದ ಪದ್ಧತಿ. ಅವರೆಯ ಸೊನೆ ಯಾವಾಗ ಹಿಡಿಯುತ್ತದೆ, ಕಾಯಿ ಯಾವಾಗ ಬಲಿಯುತ್ತದೆ ಎಂಬುದನ್ನು ನಮ್ಮ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಬಟಾಣಿಯ ಮಾತು ಬಂದಾಗ, ಅದು ಪೇಟೆಯಿಂದ ಕೊಂಡು ತರುವ ಕಾಯಿ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಕೆಲವರು ಆಸೆಯಿಂದ ಬೀಜದ ಪೊಟ್ಟಣ ತಂದು, ಬಿಡುವು ಸಿಕ್ಕ ದಿನ ಊರುತ್ತಾರೆ. ಗಿಡ ಒಂದು ಗೇಣು ಬೆಳೆದು ಹಳದಿಯಾಗಿ ಒಣಗಿದಾಗ, "ಇದು ನಮ್ಮ ಮಣ್ಣಿಗೆ ಒಗ್ಗುವ ಬೆಳೆಯಲ್ಲ" ಎಂದು ಕೈಬಿಡುತ್ತಾರೆ.

ಮಣ್ಣಿನ ಮೇಲೆ ತಪ್ಪು ಹೊರಿಸುವ ಮೊದಲು ಬಿತ್ತಿದ ಕಾಲ, ತಂದ ಬೀಜ, ಕೊಟ್ಟ ನೀರು ಈ ಮೂರನ್ನೂ ವಿಚಾರಿಸಬೇಕು. ಇವು ಮೂರೂ ಸರಿಯಾಗಿದ್ದರೆ ಚಳಿಗಾಲದಲ್ಲಿ ನಮ್ಮ ಹಿತ್ತಲಿನಲ್ಲಿಯೂ ಬಟಾಣಿ ಕಾಯಿ ಬಿಡುತ್ತದೆ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದೇ ಒಂದು ಮಡಿಯಲ್ಲಿ ಮೊದಲ ವರ್ಷ ಇದನ್ನು ಕಲಿಯುವ ಬಗೆಯನ್ನು ಈ ಪಾಠದಲ್ಲಿ ತಿಳಿಸಲಾಗಿದೆ. ಎಕರೆಗಟ್ಟಲೆ ಹಾಕುವ ಯೋಚನೆಯಿರುವವರು ಸಹ ಮೊದಲು ಹಿತ್ತಲಿನಲ್ಲಿ ಕೈ ಪಳಗಿಸಿಕೊಳ್ಳುವುದು ಮೇಲು. ಹಿತ್ತಲಿನಲ್ಲಿ ಬೆಳೆ ಕೆಟ್ಟರೆ ಹೋಗುವುದು ಒಂದು ಹಿಡಿ ಬೀಜ. ಹೊಲದಲ್ಲಿ ಕೆಟ್ಟರೆ ಸಾಲದ ಹಣ.

ಬಿತ್ತುವ ಕಾಲ

ಹಳೆಯ ನಾಟಿ ಅವರೆಯನ್ನು ಮುಂಗಾರಿನಲ್ಲಿ ಬಿತ್ತಿದರೂ ಅದು ಹಗಲು ಕಿರಿದಾಗುವ ತನಕ ಕಾದು ಹೂ ಬಿಡುತ್ತದೆ. ಆದುದರಿಂದ ಬಿತ್ತುವ ದಿನ ಸ್ವಲ್ಪ ಹಿಂದೆ ಮುಂದೆ ಆದರೂ ಅವರೆ ನಡೆಯುತ್ತದೆ. ಬಟಾಣಿಯ ಸ್ವಭಾವ ಬೇರೆ. ಅದಕ್ಕೆ ಮುಖ್ಯವಾಗಿ ಬೇಕಾದುದು ತಂಪು. ಪಶ್ಚಿಮ ಏಷ್ಯದ ಚಳಿಗಾಲದ ಬೆಳೆಯಾಗಿ ಸಾವಿರಾರು ವರ್ಷಗಳ ಹಿಂದೆ ಮನುಷ್ಯನ ಕೈಗೆ ಬಂದ ಸಸ್ಯವಿದು. ನೀಲಗಿರಿಯಂಥ ಎತ್ತರದ ತಂಪು ಸೀಮೆಯಲ್ಲಿ ಬೇಸಿಗೆಯಲ್ಲಿಯೂ ಇದನ್ನು ಬೆಳೆಯುತ್ತಾರೆ. ನಮ್ಮ ಬಯಲು ಸೀಮೆಯಲ್ಲಿ ಮಾತ್ರ ಚಳಿಗಾಲವೊಂದೇ ಇದಕ್ಕೆ ತಕ್ಕ ಕಾಲ. ಗಿಡ ಬೆಳೆಯುವಾಗ ೧೦ರಿಂದ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ಹೂ ಬಿಟ್ಟಾಗ ಬಿಸಿಲು ೩೦ ಡಿಗ್ರಿ ದಾಟಿತೆಂದರೆ ಹೂ ಉದುರುತ್ತದೆ. ನಿಂತ ಕಾಯಿಯೂ ಕಾಳು ತುಂಬದೆ ಜೊಳ್ಳಾಗುತ್ತದೆ.

ನಮ್ಮಲ್ಲಿ ಫೆಬ್ರವರಿ ಕೊನೆಯ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಏರುತ್ತದೆ. ಅದಕ್ಕೆ ಮುಂಚೆಯೇ ಕಾಯಿ ಮನೆ ಸೇರಬೇಕು. ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಬಿತ್ತುವ ದಿನ ತಾನೇ ಗೊತ್ತಾಗುತ್ತದೆ. ಚಿತ್ತೆ ಮಳೆಯಲ್ಲಿ ಮಡಿ ಅಗೆದು ಬಿಡಬೇಕು. ಸ್ವಾತಿ ಮಳೆಯಲ್ಲಿ ಗೊಬ್ಬರ ಸೇರಿಸಿ ಮಡಿ ಸಿದ್ಧಮಾಡಬೇಕು. ಸ್ವಾತಿಯ ಕೊನೆಯಿಂದ ವಿಶಾಖೆಯ ಒಳಗೆ, ಎಂದರೆ ಸುಮಾರು ನವೆಂಬರ್ ಮೊದಲ ಮತ್ತು ಎರಡನೆಯ ವಾರಗಳಲ್ಲಿ, ಬೀಜ ಊರಬೇಕು. ಬೇಗ ಬರುವ ತಳಿಯನ್ನು ನವೆಂಬರ್ ೧೦ರ ಸುಮಾರಿಗೆ ಊರಿದರೆ ಸಂಕ್ರಾಂತಿಯ ಹೊತ್ತಿಗೆ ಮೊದಲ ಕಾಯಿ ಬಿಡಿಸಬಹುದು. ನವೆಂಬರ್ ದಾಟಿದ ಮೇಲೆ ಬಿತ್ತುವುದು ಬೇಡ. ಮಾರ್ಚಿಯಲ್ಲಿ ಬಿತ್ತಿದವರಿಗೆ ಸೊಪ್ಪು ಸಿಕ್ಕೀತೇ ಹೊರತು ಕಾಯಿ ಸಿಕ್ಕುವುದಿಲ್ಲ.

ಬೀಜದ ಆಯ್ಕೆ

ದಿನಸಿ ಅಂಗಡಿಯ ಒಣ ಬಟಾಣಿಯನ್ನೇ ಬಿತ್ತಬಹುದಲ್ಲ ಎಂದು ಹಲವರು ಕೇಳುತ್ತಾರೆ. ಅದರಲ್ಲಿ ಕೆಲವು ಕಾಳು ಮೊಳೆಯುವುದೂ ಉಂಟು. ಆದರೆ ಅದು ಬೇಳೆಗೂ ಉಸಲಿಗೂ ಎಂದು ಬೆಳೆದ ಕಾಳು. ಯಾವ ತಳಿ, ಎಂದಿನ ಬೆಳೆ, ಎಷ್ಟು ದಿನಕ್ಕೆ ಕಾಯಿ ಎಂಬುದು ತಿಳಿಯುವುದಿಲ್ಲ. ಎಷ್ಟೋ ವೇಳೆ ಅದು ಹೊರದೇಶದಿಂದ ಹಡಗಿನಲ್ಲಿ ಬಂದ ಮಾಲು ಆಗಿರುತ್ತದೆ. ಹಸಿ ಕಾಯಿಯಾಗಿ ಬಿಡಿಸಿ ತಿನ್ನುವ ಸಿಹಿ ಬಟಾಣಿಯ ತಳಿಗಳೇ ಬೇರೆ. ಆದುದರಿಂದ ತಳಿಯ ಹೆಸರು, ಪರೀಕ್ಷೆ ಮಾಡಿದ ದಿನ ಮತ್ತು ಮೊಳಕೆಯ ಪ್ರಮಾಣವನ್ನು ಮುದ್ರಿಸಿದ ಪೊಟ್ಟಣವನ್ನೇ ಕೊಳ್ಳಬೇಕು.

ತಳಿಗಳಲ್ಲಿ ಮೂರನ್ನು ತಿಳಿದಿದ್ದರೆ ಸಾಕು. ಅರ್ಕೆಲ್ ಎಂಬುದು ಗಿಡ್ಡ ತಳಿ. ಬಿತ್ತಿದ ೫೫ರಿಂದ ೬೦ ದಿನಗಳಿಗೆ ಮೊದಲ ಕೊಯ್ಲಿಗೆ ಬರುತ್ತದೆ. ಬಾನ್‌ವಿಲ್ ಎಂಬುದು ಅದಕ್ಕಿಂತ ಎತ್ತರ ಬೆಳೆಯುವ ತಳಿ. ೮೦ರಿಂದ ೮೫ ದಿನ ಹಿಡಿಯುತ್ತದೆ. ಮೂರನೆಯದು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಾನ್‌ವಿಲ್ ತಳಿಯನ್ನು ಬೇರೆ ತಳಿಗಳೊಡನೆ ಕೂಡಿಸಿ ಪಡೆದ ಅರ್ಕಾ ಅಜಿತ್. ಇದಕ್ಕೆ ಬೂದಿ ರೋಗವನ್ನೂ ತುಕ್ಕು ರೋಗವನ್ನೂ ತಡೆದುಕೊಳ್ಳುವ ಗುಣವಿದೆ. ಬೆಳೆಯ ಅವಧಿ ಸುಮಾರು ೯೦ ದಿನ. ಮೊದಲ ಸಲದವರು ಬೇಗ ಬರುವ ತಳಿಯನ್ನು ಹಾಕಿದರೆ ಬಿಸಿಲಿನ ಭಯ ಕಡಮೆ. ಇಬ್ಬನಿ ಹೆಚ್ಚಾಗಿ ಬೂದಿ ರೋಗ ಕಾಡುವ ಜಾಗವಾದರೆ ಅರ್ಕಾ ಅಜಿತ್ ಹಾಕಿ, ಅದನ್ನು ನವೆಂಬರ್ ಮೊದಲ ವಾರವೇ ಬಿತ್ತಬೇಕು.

ಸಿಹಿ ಬಟಾಣಿಯ ಬೀಜ ಒಣಗಿದಾಗ ಸುಕ್ಕುಗಟ್ಟಿರುತ್ತದೆ. ಇದನ್ನು ನೋಡಿ ಜೊಳ್ಳು ಬೀಜ ಕೊಟ್ಟರೆಂದು ಅಂಗಡಿಯವರೊಡನೆ ಜಗಳವಾಡಬೇಕಾಗಿಲ್ಲ. ದುಂಡು ಬೀಜದಲ್ಲಿ ಪಿಷ್ಟ ಹೆಚ್ಚು. ಸುಕ್ಕು ಬೀಜದಲ್ಲಿ ಸಕ್ಕರೆ ಹೆಚ್ಚು. ಬೀಜ ಬಲಿಯುವಾಗ ಸಕ್ಕರೆಯ ದೆಸೆಯಿಂದ ಒಳಗೆ ನೀರು ಹೆಚ್ಚಾಗಿ ನಿಂತಿದ್ದು, ಒಣಗಿದ ಮೇಲೆ ಸಿಪ್ಪೆ ಸುಕ್ಕುತ್ತದೆ. ಸಿಹಿಯಿರುವ ಈ ಬೀಜ ಜೌಗು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆಂಬುದನ್ನು ನೆನಪಿನಲ್ಲಿಡಬೇಕು.

ಒಂದು ಮುಖ್ಯವಾದ ಎಚ್ಚರಿಕೆ. ಪೊಟ್ಟಣದ ಬೀಜಕ್ಕೆ ಗುಲಾಬಿ, ನೀಲಿ ಅಥವಾ ಹಸಿರು ಬಣ್ಣ ಹತ್ತಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಔಷಧ ಹಚ್ಚಿದ್ದಾರೆಂದು ತಿಳಿಯಬೇಕು. ಅಂಥ ಬೀಜ ವಿಷ. ಮಕ್ಕಳು ಬಣ್ಣದ ಮಿಠಾಯಿಯೆಂದು ಬಾಯಿಗೆ ಹಾಕಿಕೊಳ್ಳಬಹುದು. ಮಿಕ್ಕಿದ್ದನ್ನು ಅಡಿಗೆಗೆ ಹಾಕುವುದಾಗಲಿ, ಕೋಳಿಗೆ ಚೆಲ್ಲುವುದಾಗಲಿ, ದನದ ಮುಸುರೆಗೆ ಸೇರಿಸುವುದಾಗಲಿ ಕೂಡದು. ತೊಳೆದರೂ ಅದು ತಿನ್ನಲು ಯೋಗ್ಯವಾಗುವುದಿಲ್ಲ. ಪೊಟ್ಟಣವನ್ನು ಅಡಿಗೆ ಮನೆಯ ಡಬ್ಬಗಳ ಸಾಲಿನಲ್ಲಿ ಇಡದೆ, ಮಕ್ಕಳ ಕೈಗೆ ಎಟುಕದ ಕಡೆ ಬೇರೆ ಇಡಬೇಕು. ಬಿತ್ತಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು.

ಮೊಳಕೆಯ ಪರೀಕ್ಷೆ

ಬಿತ್ತುವುದಕ್ಕೆ ಒಂದು ವಾರ ಮುಂಚೆ ೨೦ ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆರಳಿನಲ್ಲಿ ಒಂದು ತಟ್ಟೆಯ ಮೇಲೆ ಇಡಿ. ಬಟ್ಟೆ ಒಣಗದಂತೆ ದಿನಕ್ಕೆರಡು ಸಲ ನೀರು ಚಿಮುಕಿಸಿ. ಬಟ್ಟೆ ತೊಟ್ಟಿಕ್ಕುವಷ್ಟು ನೀರು ಬೇಡ. ಐದಾರು ದಿನಗಳಲ್ಲಿ ೧೫ ಅಥವಾ ಅದಕ್ಕಿಂತ ಹೆಚ್ಚು ಬೀಜ ಮೊಳೆತರೆ ಧೈರ್ಯವಾಗಿ ಬಿತ್ತಬಹುದು. ೧೦ ಮಾತ್ರ ಮೊಳೆತರೆ ಒಂದರ ಜಾಗದಲ್ಲಿ ಎರಡು ಬೀಜ ಊರಬೇಕು. ಅದಕ್ಕೂ ಕಡಮೆಯಾದರೆ ಆ ಬೀಜವನ್ನು ಬಿಟ್ಟು ಬೇರೆ ತರುವುದು ಲೇಸು. ಈ ಪರೀಕ್ಷೆಗೆ ಖರ್ಚಿಲ್ಲ. ಆದರೆ ಇದು ಒಂದು ವರ್ಷದ ಕಾಲವನ್ನು ಉಳಿಸುತ್ತದೆ. ಚಳಿಗಾಲ ವರ್ಷಕ್ಕೊಂದೇ ಸಲ ಬರುತ್ತದಲ್ಲವೇ?

ಮಡಿ ಮತ್ತು ಗೊಬ್ಬರ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವನ್ನು ಆರಿಸಿಕೊಳ್ಳಿ. ತೆಂಗಿನ ಮರದ ಬುಡ, ಬಚ್ಚಲು ನೀರು ನಿಲ್ಲುವ ತಗ್ಗು ಇವೆರಡೂ ಬೇಡ. ನಮ್ಮ ಕೆಂಪು ಮಣ್ಣು ನೀರನ್ನು ಬೇಗ ಬಸಿದುಬಿಡುವುದರಿಂದ ಬಟಾಣಿಗೆ ಒಳ್ಳೆಯದೇ. ತೀರ ಮರಳಾಗಿದ್ದರೆ ಎರಡು ಮಂಕರಿ ಕೆರೆಗೋಡು ಬೆರೆಸಬಹುದು. ಗೋಡನ್ನು ಅತಿಯಾಗಿ ಹಾಕಿದರೆ ಮಣ್ಣು ಜಿಗುಟಾಗಿ ನೀರು ನಿಲ್ಲುತ್ತದೆ.

ಮುಕ್ಕಾಲು ಅಡಿ ಆಳ ಅಗೆದು, ಹೆಂಟೆ ಒಡೆದು, ಕಲ್ಲು ಕರಿಕೆ ಆಯ್ದು ಹಾಕಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸುಮಾರು ೧೦ ಕಿಲೋ, ಸೂಪರ್ ಫಾಸ್ಫೇಟ್ ೧೦೦ರಿಂದ ೧೫೦ ಗ್ರಾಂ, ಒಲೆಯ ಬೂದಿ ಎರಡು ಹಿಡಿ, ಇಷ್ಟನ್ನು ಈ ಮಡಿಗೆ ಸಮನಾಗಿ ಹರಡಿ ಮಣ್ಣಿನಲ್ಲಿ ಸೇರಿಸಿ. ಹಸಿ ಸೆಗಣಿ ಹಾಕಬಾರದು; ಅದು ಗೆದ್ದಲನ್ನೂ ಹುಳುವನ್ನೂ ಕರೆಯುತ್ತದೆ. ಯೂರಿಯಾ ಈ ಮಡಿಗೆ ಬೇಕಾಗಿಲ್ಲ. ಯೂರಿಯಾ ಹೆಚ್ಚಿದರೆ ಗಿಡ ಸೊಪ್ಪಾಗಿ ಬೆಳೆದು ಹೂವನ್ನು ಮರೆಯುತ್ತದೆ. ಕೊನೆಗೆ ಮಡಿಯನ್ನು ಸುತ್ತಲಿನ ನೆಲಕ್ಕಿಂತ ನಾಲ್ಕಂಗುಲ ಎತ್ತರಿಸಿ ಮಟ್ಟಮಾಡಿ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಜಡಿಮಳೆ ಹಿಡಿದರೆ ಈ ನಾಲ್ಕಂಗುಲವೇ ಬೆಳೆಯನ್ನು ಕಾಯುತ್ತದೆ.

ಬೇರಿನ ಗಂಟಿನ ಉಪಕಾರ

ಬಟಾಣಿಯ ಬೇರಿನಲ್ಲಿ ಸಾಸುವೆ ಕಾಳಿನ ಗಾತ್ರದ ಗಂಟುಗಳಾಗುತ್ತವೆ. ಅವುಗಳಲ್ಲಿ ಕಣ್ಣಿಗೆ ಕಾಣದ ರೈಜೋಬಿಯಂ ಎಂಬ ಜೀವಾಣುಗಳು ವಾಸಮಾಡಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಆಹಾರವಾಗುವಂತೆ ಮಾರ್ಪಡಿಸುತ್ತವೆ. ಗಿಡವು ಅವಕ್ಕೆ ಸಕ್ಕರೆಯನ್ನು ಕೊಡುತ್ತದೆ. ಇದು ಕೊಡು-ಕೊಳ್ಳುವ ಸಂಸಾರ.

ನಮ್ಮ ಹೊಲಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುರುಳಿಗಳನ್ನು ಬೆಳೆಯುತ್ತಲೇ ಬಂದಿರುವುದರಿಂದ ಆ ಕಾಳುಗಳಿಗೆ ಒಗ್ಗುವ ಜೀವಾಣುಗಳು ಮಣ್ಣಿನಲ್ಲಿ ಇವೆ. ಬಟಾಣಿಗೆ ಒಗ್ಗುವ ಪಂಗಡ ಬೇರೆ. ಬಟಾಣಿ, ಮಸೂರಗಳ ಬೇರಿನಲ್ಲಿ ನೆಲೆಸುವ ಪಂಗಡವದು. ಎಂದೂ ಬಟಾಣಿ ಕಾಣದ ಹಿತ್ತಲಿನಲ್ಲಿ ಅದು ಸಾಕಷ್ಟು ಇರಲಾರದು. ಮೊದಲ ವರ್ಷ ಗಿಡ ಕಾರಣವಿಲ್ಲದೆ ಬಿಳಿಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಬಟಾಣಿಗೆಂದೇ ಸಿದ್ಧಪಡಿಸಿದ ರೈಜೋಬಿಯಂ ಪೊಟ್ಟಣವನ್ನು ಕೇಳಿ ತರಬೇಕು.

ಹಚ್ಚುವ ಕ್ರಮ ಹೀಗೆ: ಸ್ವಲ್ಪ ಬೆಲ್ಲವನ್ನು ನೀರಿನಲ್ಲಿ ಕಾಯಿಸಿ ಅಂಟುಪಾಕ ಮಾಡಿ ಪೂರ್ತಿ ಆರಿಸಿ. ೫೦ ಗ್ರಾಂ ಬೀಜಕ್ಕೆ ಒಂದು ಚಮಚ ಪಾಕ, ಒಂದು ಚಮಚ ಜೀವಾಣು ಪುಡಿ ಸೇರಿಸಿ ಮೆಲ್ಲಗೆ ಕಲಸಿ. ನೆರಳಿನಲ್ಲಿ ಅರ್ಧ ಗಂಟೆ ಒಣಗಿಸಿ ಅಂದೇ ಬಿತ್ತಿ. ಬಿಸಿಲಿಗೆ ಇಟ್ಟರೆ ಜೀವಾಣು ಸಾಯುತ್ತದೆ. ಬಣ್ಣದ ಔಷಧ ಹತ್ತಿದ ಬೀಜಕ್ಕೆ ಇದನ್ನು ಹಚ್ಚಿದರೆ ಪ್ರಯೋಜನ ಕಡಮೆ. ಅಂಥ ವೇಳೆ ಪುಡಿಯನ್ನು ಎರಡು ಬೊಗಸೆ ಕಳಿತ ಗೊಬ್ಬರದೊಡನೆ ಬೆರೆಸಿ ಸಾಲಿನ ಮಣ್ಣಿಗೆ ಕೊಡಬೇಕು.

ಗಂಟು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. ಬಿತ್ತಿದ ಐದು ವಾರಗಳ ಮೇಲೆ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ, ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ತಿಳಿಗೆಂಪಾಗಿದ್ದರೆ ಜೀವಾಣುಗಳು ದುಡಿಯುತ್ತಿವೆ. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವನ್ನು ಹೋಲುವ ಪದಾರ್ಥವೊಂದು ಅಲ್ಲಿರುವುದರಿಂದ ಆ ಬಣ್ಣ. ಬೆಳ್ಳಗೆ ಅಥವಾ ಹಸಿರಾಗಿದ್ದರೆ ಕೆಲಸ ನಡೆದಿಲ್ಲವೆಂದು ತಿಳಿದು, ಕಳಿತ ಗೊಬ್ಬರದ ತಿಳಿನೀರನ್ನು ಎರಡು ಸಲ ಕೊಡಿ.

ಬಿತ್ತನೆ

ಬಿತ್ತುವ ಹಿಂದಿನ ದಿನ ಮಡಿಗೆ ಚೆನ್ನಾಗಿ ನೀರುಣಿಸಿ. ಮಾರನೆಯ ದಿನ ಮಣ್ಣು ಹದಕ್ಕೆ ಬಂದಾಗ, ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ ಬೆರಳು ತಾಕಿಸಿದರೆ ಉದುರುವ ಸ್ಥಿತಿಯಲ್ಲಿ, ಬೀಜ ಊರಿ. ಬೀಜ ಊರಿದ ಮೇಲೆ ನೀರು ಹುಯ್ದರೆ ಕೆಂಪು ಮಣ್ಣಿನ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆಗೆ ದಾರಿ ಸಿಕ್ಕುವುದಿಲ್ಲ. ಬೀಜವನ್ನು ರಾತ್ರಿಯೆಲ್ಲಾ ನೆನೆಹಾಕುವ ರೂಢಿಯನ್ನೂ ಇಲ್ಲಿ ಬಿಡಬಹುದು. ಹದವಾದ ಮಣ್ಣಿನಲ್ಲಿ ಅದರ ಅಗತ್ಯವಿಲ್ಲ. ನೆನೆದು ಊದಿದ ಸುಕ್ಕು ಬೀಜ ಬೇಗ ಒಡೆದು ಕೊಳೆಯುವುದೂ ಉಂಟು.

ನಾಲ್ಕಡಿ ಅಗಲದ ಮಡಿಯಲ್ಲಿ ಎರಡು ಅಂಚಿನಿಂದ ಅರ್ಧ ಅಡಿ ಬಿಟ್ಟು, ಅಡಿಗೊಂದರಂತೆ ನಾಲ್ಕು ಸಾಲು ಎಳೆಯಿರಿ. ಸಾಲಿನಲ್ಲಿ ಮೂರಂಗುಲಕ್ಕೊಂದು ಬೀಜದಂತೆ, ಒಂದೂವರೆ ಅಂಗುಲ ಆಳಕ್ಕೆ ಊರಿ ಮಣ್ಣು ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಹತ್ತಡಿ ಸಾಲಿಗೆ ೪೦ ಬೀಜ; ನಾಲ್ಕು ಸಾಲಿಗೆ ೧೬೦. ಇದಕ್ಕೆ ೫೦ ಗ್ರಾಂ ಬೀಜ ಸಾಕಾಗಿ, ಪರೀಕ್ಷೆಗೂ ತೆರಪು ತುಂಬುವುದಕ್ಕೂ ಸ್ವಲ್ಪ ಉಳಿಯುತ್ತದೆ. ಎರಡು ಸಾಲನ್ನು ಮೊದಲು ಊರಿ, ಉಳಿದ ಎರಡನ್ನು ಹದಿನೈದು ದಿನ ಬಿಟ್ಟು ಊರಿದರೆ ಕಾಯಿ ಒಂದೇ ಸಲ ಬಂದು ಮುಗಿಯದೆ ತಿಂಗಳ ತನಕ ಸಿಕ್ಕುತ್ತದೆ. ಹೀಗೆ ಎರಡು ಕಂತಿನಲ್ಲಿ ಹಾಕುವವರು ಬೇಗ ಬರುವ ತಳಿಯನ್ನೇ ಆರಿಸಬೇಕು.

ವಾರದಿಂದ ಹತ್ತು ದಿನದೊಳಗೆ ಮೊಳಕೆ ಮೇಲೆ ಬರುತ್ತದೆ. ಅವರೆ, ಅಲಸಂದೆಗಳಲ್ಲಿ ಬೇಳೆ ಮಣ್ಣಿನಿಂದ ಎದ್ದು ಬರುವುದನ್ನು ಕಂಡಿದ್ದೀರಿ. ಬಟಾಣಿಯ ಬೇಳೆ ತೊಗರಿ, ಕಡಲೆಗಳಂತೆ ಮಣ್ಣಿನೊಳಗೇ ಉಳಿದು ಚಿಗುರು ಮಾತ್ರ ಹೊರಬರುತ್ತದೆ. ಆದುದರಿಂದ ಹಕ್ಕಿ ಚಿಗುರನ್ನು ಕಚ್ಚಿಹಾಕಿದರೂ ಗಾಬರಿಪಟ್ಟು ಕಿತ್ತು ಹಾಕಬೇಡಿ. ಮಣ್ಣಿನೊಳಗಿನ ಕಣ್ಣಿನಿಂದ ಇನ್ನೊಂದು ಚಿಗುರು ಬರಬಹುದು. ಇಲಿ, ಅಳಿಲು, ಕೋಳಿ, ನವಿಲುಗಳ ಕಾಟ ಮೊದಲ ಮೂರು ವಾರ ಹೆಚ್ಚು. ಮುಳ್ಳು ಕೊಂಬೆಯನ್ನಾಗಲಿ ಹಳೆಯ ಬಲೆಯನ್ನಾಗಲಿ ಮಡಿಯ ಮೇಲೆ ಹೊದಿಸುವುದೇ ಇದಕ್ಕೆ ಸರಿಯಾದ ಉಪಾಯ.

ಆಸರೆ, ನೀರು, ಕಳೆ

ಅವರೆಯ ಬಳ್ಳಿ ತನ್ನ ಮೈಯನ್ನೇ ಗೂಟಕ್ಕೆ ಸುತ್ತಿಕೊಂಡು ಹತ್ತುತ್ತದೆ. ಬಟಾಣಿ ಹಾಗಲ್ಲ. ಅದರ ಎಲೆಯ ತುದಿಯಲ್ಲಿ ದಾರದಂಥ ಕುಡಿಗಳಿವೆ. ಅವು ಹಿಡಿಯುವುದು ಸಣ್ಣ ಕಡ್ಡಿಯನ್ನು ಮಾತ್ರ. ಹೆಬ್ಬೆರಳಿನ ದಪ್ಪದ ಗೂಟ ನೆಟ್ಟರೆ ಕುಡಿ ಹಿಡಿಯಲಾರದೆ ಬಳ್ಳಿ ಕುಸಿಯುತ್ತದೆ. ಹೋದ ವರ್ಷದ ತೊಗರಿ ಕಡ್ಡಿ, ಕವಲುಗಳಿರುವ ಹಿಪ್ಪುನೇರಳೆ ಕಡ್ಡಿ ಇವೇ ಒಳ್ಳೆಯ ಆಸರೆ. ಹಿಪ್ಪುನೇರಳೆ ಕಡ್ಡಿಯನ್ನು ಒಣಗಿಸಿ ನೆಡಬೇಕು. ಹಸಿಯಾಗಿ ನೆಟ್ಟರೆ ಅದೇ ಚಿಗುರುತ್ತದೆ. ಗಿಡ ಒಂದು ಗೇಣು ಆಗುವ ಮೊದಲೇ ಸಾಲಿನ ಉದ್ದಕ್ಕೂ ಎರಡಡಿ ಎತ್ತರದ ಕಡ್ಡಿ ಚುಚ್ಚಿಬಿಡಿ. ನೆಲಕ್ಕೆ ಬಿದ್ದ ಬಳ್ಳಿಯಲ್ಲಿ ಗಾಳಿಯಾಡದೆ ಕಾಯಿ ಕೊಳೆಯುತ್ತದೆ.

ನೀರನ್ನು ಐದಾರು ದಿನಕ್ಕೊಮ್ಮೆ ಬುಡಕ್ಕೆ ಕೊಟ್ಟರೆ ಸಾಕು. ಕೊಡುವ ಮೊದಲು ಬೆರಳನ್ನು ಎರಡಂಗುಲ ಮಣ್ಣಿನೊಳಗೆ ಇಳಿಸಿ ನೋಡಿ; ತಂಪು ತಾಕಿದರೆ ಇನ್ನೊಂದು ದಿನ ತಾಳಿ. ನೀರು ನಿಂತ ಮಡಿಯಲ್ಲಿ ಬೇರಿಗೆ ಉಸಿರುಕಟ್ಟಿ, ಬುಡ ಕಪ್ಪಾಗಿ, ಕೆಳಗಿನ ಎಲೆಯಿಂದ ಹಳದಿ ಏರುತ್ತದೆ. ನೋಡುವವರು ನೀರು ಸಾಲದೆಂದು ತಿಳಿದು ಮತ್ತಷ್ಟು ಹುಯ್ಯುತ್ತಾರೆ. ಹಿತ್ತಲಿನ ಬಟಾಣಿ ಅತಿಯಾದ ಪ್ರೀತಿಗೆ ಬಲಿಯಾಗುವುದು ಹೀಗೆಯೇ. ಆದರೆ ಹೂ ಬಿಡುವಾಗ ಮತ್ತು ಕಾಳು ತುಂಬುವಾಗ ಮಾತ್ರ ಮಣ್ಣು ಒಣಗಲು ಬಿಡಬಾರದು. ಸಾಬೂನು ಸೇರಿದ ಬಚ್ಚಲು ನೀರು ಬೇಡ. ಅಕ್ಕಿ, ತರಕಾರಿ ತೊಳೆದ ನೀರು ಆಗಬಹುದು.

ಕಳೆಯನ್ನು ಮೂರನೆಯ ವಾರ ಒಮ್ಮೆ, ಆರನೆಯ ವಾರ ಒಮ್ಮೆ ಕೈಯಿಂದ ಕೀಳಿ. ಗುದ್ದಲಿ ಹಾಕಿದರೆ ಮೇಲ್ಮಣ್ಣಿನಲ್ಲಿ ಹರಡಿದ ಬೇರು ಕತ್ತರಿಸುತ್ತದೆ. ಕಳೆ ಕಿತ್ತ ಮೇಲೆ ಸಾಲುಗಳ ನಡುವೆ ಹೊಂಗೆ ಸೊಪ್ಪನ್ನೋ ಒಣ ಎಲೆಯನ್ನೋ ಹರಡಿದರೆ ನೆಲದ ತಂಪು ಉಳಿಯುತ್ತದೆ.

ರೋಗ ಮತ್ತು ಕೀಟ

ಹಗಲು ಒಣ ಬಿಸಿಲು, ರಾತ್ರಿ ಇಬ್ಬನಿ ಇರುವ ಡಿಸೆಂಬರ್-ಜನವರಿ ತಿಂಗಳಲ್ಲಿ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ ಕಾಣುವುದೇ ಬೂದಿ ರೋಗ. ಮೊದಲ ಎಲೆಯಲ್ಲಿ ಕಂಡ ಕೂಡಲೆ ಆ ಎಲೆಗಳನ್ನು ಕಿತ್ತು ದೂರ ಹೂಳಿ. ಹರಡಿದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ೩ ಗ್ರಾಂ ಬೆರೆಸಿ, ತಂಪು ಹೊತ್ತಿನಲ್ಲಿ ಎಲೆಯ ಎರಡು ಬದಿಗೂ ಸಿಂಪಡಿಸಿ. ಬಿರುಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಸಿಂಪಡಿಸಿದ ಮೇಲೆ ಪೊಟ್ಟಣದಲ್ಲಿ ಹೇಳಿದಷ್ಟು ದಿನ ಕಾಯಿ ಬಿಡಿಸಬಾರದು.

ಎಲೆಯೊಳಗೆ ಬಿಳಿ ಗೆರೆಗಳನ್ನು ಎಳೆಯುವ ರಂಗೋಲಿ ಹುಳು, ಚಿಗುರಿಗೆ ಮುತ್ತುವ ಹೇನು, ಕಾಯಿಯನ್ನು ತೂತುಮಾಡುವ ಕಾಯಿಕೊರಕ ಈ ಮೂರು ಹಿತ್ತಲಿನಲ್ಲಿ ಕಾಣಬಹುದು. ಒಂದು ಮಡಿಗೆ ವಿಷದ ಔಷಧ ತರುವ ಕೆಲಸವಿಲ್ಲ. ರಂಗೋಲಿ ಬಿದ್ದ ಎಲೆ ಕೀಳಿ; ಕಾಯಿಕೊರಕವನ್ನು ಬೆಳಿಗ್ಗೆ ಕೈಯಿಂದ ಆಯಿರಿ. ಹೇನಿಗೆ ಬೇವಿನ ಬೀಜದ ಕಷಾಯ ಒಳ್ಳೆಯದು. ೫೦ ಗ್ರಾಂ ಒಣ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಹಿಂಡಿ ಸೋಸಿ, ಚಿಟಿಕೆ ಸಾಬೂನು ಪುಡಿ ಕರಗಿಸಿ ಅಂದೇ ಸಂಜೆ ಸಿಂಪಡಿಸಿ.

ಕೊಯ್ಲು

ಹೂ ಬಿದ್ದ ಮೂರು ವಾರಗಳ ಸುಮಾರಿಗೆ ಕಾಯಿ ತುಂಬುತ್ತದೆ. ಕಾಯಿ ದುಂಡಾಗಿ, ಸಿಪ್ಪೆ ಇನ್ನೂ ಮಿರುಗುವ ಹಸಿರಾಗಿರುವಾಗ ಬಿಡಿಸಬೇಕು. ಸಿಪ್ಪೆಯ ಹೊಳಪು ಹೋಗಿ ಬಲೆಯಂಥ ಗೆರೆ ಮೂಡಿದರೆ ಕಾಳು ಬಲಿತಿದೆಯೆಂದು ಅರ್ಥ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಿಂದ ಕಾಯಿ ಕೀಳಿ. ಜಗ್ಗಿದರೆ ಬಳ್ಳಿಯೇ ಬೇರು ಸಹಿತ ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಪ್ಪದೆ ಬಿಡಿಸಿ. ಕಾಯಿ ಗಿಡದಲ್ಲೇ ಬಲಿತರೆ, ಬೀಜವಾಯಿತೆಂದು ಗಿಡ ಹೂ ಬಿಡುವುದನ್ನು ನಿಲ್ಲಿಸುತ್ತದೆ.

ಬಿಡಿಸಿದ ಗಳಿಗೆಯಿಂದ ಕಾಳಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಪೇಟೆಗೆ ಬಂದು ಎರಡು ದಿನವಾದ ಕಾಯಿ ಸಪ್ಪೆಯಾಗಿರುವುದಕ್ಕೆ ಇದೇ ಕಾರಣ. ಹಿತ್ತಲಿನಿಂದ ಬೆಳಿಗ್ಗೆ ಬಿಡಿಸಿ ಮಧ್ಯಾಹ್ನದ ಸಾರಿಗೆ ಹಾಕಿದ ಬಟಾಣಿಯ ರುಚಿ ಹಣಕ್ಕೆ ಸಿಕ್ಕುವುದಲ್ಲ. ೧೦೦ ಗ್ರಾಂ ಹಸಿ ಕಾಳಿನಲ್ಲಿ ಸುಮಾರು ೫ರಿಂದ ೭ ಗ್ರಾಂ ಸಸಾರಜನಕವಿದೆ. ಇತರ ಹಸಿ ತರಕಾರಿಗಳಲ್ಲಿ ಇಷ್ಟು ಸಿಕ್ಕುವುದು ಅಪರೂಪ. ಮುದ್ದೆ ಉಣ್ಣುವ ಮಕ್ಕಳಿಗೆ ಇದು ಒಳ್ಳೆಯ ಜೊತೆ.

ಪ್ರತಿಫಲದ ಲೆಕ್ಕವನ್ನು ದೊಡ್ಡದಾಗಿ ಹೇಳಿ ಆಸೆ ಹುಟ್ಟಿಸುವುದು ಸರಿಯಲ್ಲ. ೧೬೦ ಬೀಜದಲ್ಲಿ ೧೨೦ ಗಿಡ ನಿಂತು, ಗಿಡಕ್ಕೆ ಐದೇ ಕಾಯಿ ಬಂದರೂ ೬೦೦ ಕಾಯಿ. ಕಾಯಿಗೆ ೪ ಗ್ರಾಮಿನಂತೆ ಸುಮಾರು ಎರಡು ಕಿಲೋ ನಾನೂರು ಗ್ರಾಂ. ಸುಲಿದರೆ ಒಂದು ಕಿಲೋ ಆಸುಪಾಸು ಕಾಳು; ಐದು ಮಂದಿಯ ಸಂಸಾರಕ್ಕೆ ಐದು ಸಲದ ಅಡಿಗೆ. ಇದು ಮೊದಲ ವರ್ಷದವರ ಲೆಕ್ಕ. ಕೈ ಪಳಗಿದವರಿಗೆ ಇದಕ್ಕಿಂತ ಹೆಚ್ಚೇ ಸಿಕ್ಕುತ್ತದೆ.

ಮುಂದಿನ ವರ್ಷದ ಬೀಜ

ಬಟಾಣಿಯ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕಾಗಿಲ್ಲ. ಬಟಾಣಿಯ ಹೂ ಅರಳುವ ಮೊದಲೇ, ಮುಚ್ಚಿದ ಎಸಳಿನೊಳಗೆ ತನ್ನ ಪರಾಗದಿಂದಲೇ ಫಲ ಕಟ್ಟಿಕೊಳ್ಳುತ್ತದೆ. ಆದುದರಿಂದ ತಳಿ ಕಲಸಿಹೋಗುವುದು ಅಪರೂಪ. ತಾಯಿ ಗಿಡದಂತೆಯೇ ಮರಿ. ಈ ಗುಣವನ್ನು ಕಂಡೇ ಗ್ರೆಗರ್ ಮೆಂಡೆಲ್ ಎಂಬ ಯೂರೋಪಿನ ಪಾದ್ರಿ, ಈಗಿನ ಚೆಕ್ ದೇಶದ ಬರ್ನೊ ಪಟ್ಟಣದ ಮಠದ ತೋಟದಲ್ಲಿ ೧೮೫೬ರಿಂದ ೧೮೬೩ರವರೆಗೆ ಸಾವಿರಾರು ಬಟಾಣಿ ಗಿಡ ಬೆಳೆಸಿ, ದುಂಡು ಬೀಜ, ಸುಕ್ಕು ಬೀಜ, ಎತ್ತರದ ಗಿಡ, ಗಿಡ್ಡ ಗಿಡಗಳನ್ನು ಎಣಿಸಿ ನೋಡಿದನು. ತಂದೆತಾಯಿಯ ಗುಣ ಮಕ್ಕಳಿಗೆ ಇಳಿಯುವ ನಿಯಮವನ್ನು ೧೮೬೬ರಲ್ಲಿ ಪ್ರಕಟಿಸಿದನು. ಇಂದಿನ ತಳಿ ಸುಧಾರಣೆಗೆಲ್ಲಾ ಆ ಮಠದ ತೋಟದ ಲೆಕ್ಕ ತಳಹದಿಯಾಯಿತು.

ರೋಗವಿಲ್ಲದ, ಬೇಗ ಕಾಯಿ ಹಿಡಿದ ಹತ್ತು ಗಿಡಗಳನ್ನು ಆರಿಸಿ, ಬಣ್ಣದ ದಾರ ಕಟ್ಟಿ, ಅವುಗಳ ಕಾಯಿ ಬಿಡಿಸದೆ ಬಿಡಿ. ಕಾಯಿ ಒಣಗಿ, ಅಲ್ಲಾಡಿಸಿದರೆ ಕಾಳು ಗಿಲಕಿಯಂತೆ ಸದ್ದು ಮಾಡುವಾಗ ಕಿತ್ತು, ನೆರಳಿನಲ್ಲಿ ಸುಲಿದು, ಎರಡು ಮೂರು ದಿನ ಎಳೆಬಿಸಿಲಿನಲ್ಲಿ ಒಣಗಿಸಿ. ಹಲ್ಲಿನಿಂದ ಕಚ್ಚಿದರೆ ಕಟ್ಟೆಂದು ಒಡೆಯಬೇಕು. ಪೂರ್ತಿ ಆರಿದ ಮೇಲೆ ಸೋಸಿದ ಬೂದಿ ಬೆರೆಸಿ, ಗಾಳಿಯಾಡದ ಡಬ್ಬದಲ್ಲಿ ತುಂಬಿ, ತಳಿಯ ಹೆಸರೂ ವರ್ಷವೂ ಬರೆದ ಚೀಟಿ ಅಂಟಿಸಿ ತಂಪು ಜಾಗದಲ್ಲಿಡಿ. ಮುಂದಿನ ಕಾರ್ತಿಕದಲ್ಲಿ ಮತ್ತೆ ಮೊಳಕೆ ಪರೀಕ್ಷೆ ಮಾಡಿಯೇ ಬಿತ್ತಬೇಕು.

ಬೆಳೆ ಮುಗಿದ ಮೇಲೆ ಬಳ್ಳಿಯನ್ನು ಬುಡದಲ್ಲಿ ಕುಯ್ದು, ಔಷಧ ಸಿಂಪಡಿಸದಿದ್ದರೆ ದನಕ್ಕೆ ಹಾಕಿ, ಒಳ್ಳೆಯ ಮೇವು. ಬೇರನ್ನು ಮಣ್ಣಿನಲ್ಲೇ ಬಿಡಿ. ಅದೇ ಮಡಿಯಲ್ಲಿ ದಂಟು, ಬೆಂಡೆ ಹಾಕಿದರೆ ಬೇರಿನ ಗಂಟಿನ ಸಾರ ಅವಕ್ಕೆ ಸಿಕ್ಕುತ್ತದೆ. ಮಾರನೆಯ ವರ್ಷ ಬಟಾಣಿಯನ್ನು ಬೇರೆ ಮಡಿಗೆ ಬದಲಾಯಿಸಿ, ಮೂರು ವರ್ಷದವರೆಗೆ ಹಳೆಯ ಮಡಿಗೆ ಹಾಕಬೇಡಿ. ಬೇರು ಕೊಳೆಸುವ ರೋಗ ಮಣ್ಣಿನಲ್ಲಿ ನೆಲೆಯೂರದಂತೆ ಇದು ತಡೆಯುತ್ತದೆ.

ಜ್ಞಾಪಕದಲ್ಲಿಡಬೇಕಾದ ಅಂಶಗಳು

೧. ಸ್ವಾತಿಯ ಕೊನೆ, ವಿಶಾಖೆಯ ಒಳಗೆ ಬಿತ್ತನೆ. ನವೆಂಬರ್ ದಾಟಿದರೆ ಮುಂದಿನ ವರ್ಷಕ್ಕೆ ಇಡಿ.
೨. ತಳಿಯ ಹೆಸರಿರುವ ಬೀಜ ತನ್ನಿ. ೨೦ ಬೀಜದ ಮೊಳಕೆ ಪರೀಕ್ಷೆ ಮಾಡಿ.
೩. ಬಣ್ಣದ ಬೀಜ ವಿಷ. ಮಕ್ಕಳಿಂದ, ಕೋಳಿಯಿಂದ ದೂರ ಇಡಿ.
೪. ಬಟಾಣಿಗೆಂದೇ ಇರುವ ರೈಜೋಬಿಯಂ ಬಳಸಿ, ಯೂರಿಯಾ ಬೇಡ.
೫. ಎತ್ತರಿಸಿದ ಮಡಿ, ಸಾಲಿನಿಂದ ಸಾಲಿಗೆ ಒಂದಡಿ, ಬೀಜದಿಂದ ಬೀಜಕ್ಕೆ ಮೂರಂಗುಲ, ಆಳ ಒಂದೂವರೆ ಅಂಗುಲ.
೬. ಬೆರಳಿನಿಂದ ಮಣ್ಣು ನೋಡಿ ನೀರು ಕೊಡಿ. ಹೂವಿನ ಕಾಲದಲ್ಲಿ ಒಣಗಿಸಬೇಡಿ.
೭. ಸಣ್ಣ ಕಡ್ಡಿಯ ಆಸರೆ ಮೊದಲೇ ಕೊಡಿ.
೮. ಎರಡು ಮೂರು ದಿನಕ್ಕೊಮ್ಮೆ ಕಾಯಿ ಬಿಡಿಸಿ. ಹತ್ತು ಗಿಡ ಬೀಜಕ್ಕೆ ಬಿಡಿ.

ಬೀಜ, ಜೀವಾಣು ಗೊಬ್ಬರಗಳ ವಿಚಾರವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಬಹುದು. ತುಮಕೂರು ತಾಲ್ಲೂಕಿನ ಹಿರೇಹಳ್ಳಿಯಲ್ಲಿ ಹೆಸರಘಟ್ಟದ ಸಂಸ್ಥೆಗೆ ಸೇರಿದ ಕೃಷಿ ವಿಜ್ಞಾನ ಕೇಂದ್ರವಿದೆ. ಎಲೆಗೆ ರೋಗ ಬಿದ್ದು ಕಾರಣ ತಿಳಿಯದಿದ್ದಾಗ ರೋಗ ಬಿದ್ದ ಗಿಡವನ್ನು ಬೇರು ಸಮೇತ ಕೊಂಡೊಯ್ದು ತೋರಿಸಿದರೆ ತಕ್ಕ ಸಲಹೆ ಪಡೆಯಬಹುದು. ಬರುವ ಚಿತ್ತೆ ಮಳೆಗೆ ಹಿತ್ತಲಿನ ಒಂದು ಮೂಲೆಯನ್ನು ಇದಕ್ಕಾಗಿ ಈಗಲೇ ಗುರುತು ಮಾಡಿಡಿ.